1.24 ಸರಿಯೋ, 1.61 ಸರಿಯೋ: ತೋಟದ ಮಣ್ಣಿನ ಇಂಗಾಲ, ಸಾರಜನಕದ ಲೆಕ್ಕ

ಕಾಸರಗೋಡಿನ ಪೆರ್ಲದ ಕಡೆಯ ಒಂದು ಅಡಿಕೆ ತೋಟದ ಮಣ್ಣನ್ನು ಎರಡು ಪಾಲು ಮಾಡಿ, ಒಂದನ್ನು ಕೇರಳ-ಕರ್ನಾಟಕ ಗಡಿಯ ಈಚೆಗೂ ಇನ್ನೊಂದನ್ನು ಆಚೆಗೂ ಪರೀಕ್ಷೆಗೆ ಕೊಟ್ಟರೆಂದು ಇಟ್ಟುಕೊಳ್ಳಿ. ಒಂದು ಚೀಟಿಯಲ್ಲಿ ಸಾವಯವ ಇಂಗಾಲ ಶೇ. 1.24, ಇನ್ನೊಂದರಲ್ಲಿ 1.61. ತಪ್ಪಿದ್ದು ಯಾರು? ಇಬ್ಬರೂ ತಪ್ಪಿಲ್ಲದಿರಬಹುದು. 1.24ನ್ನು 1.3ರಿಂದ ಗುಣಿಸಿ ನೋಡಿ, 1.61 ಬರುತ್ತದೆ. ಒಬ್ಬರು ಟೈಟ್ರೇಶನ್‌ನಲ್ಲಿ (ಬಣ್ಣ ಬದಲಾಗುವವರೆಗೆ ದ್ರಾವಣ ಹನಿಸಿ ಅಳೆಯುವ ಕ್ರಮ) ಸಿಕ್ಕಿದ್ದನ್ನು ಹಾಗೆಯೇ ಬರೆದಿದ್ದಾರೆ, ಇನ್ನೊಬ್ಬರು ಪರೀಕ್ಷೆಯಲ್ಲಿ ಉರಿಯದೆ ಉಳಿದ ಇಂಗಾಲಕ್ಕಾಗಿ 1.3ರ ತಿದ್ದುಪಡಿ ಸೇರಿಸಿದ್ದಾರೆ. ತಿದ್ದುಪಡಿ ಸೇರಿಸಿದೆಯೋ ಇಲ್ಲವೋ ಎಂದು ಚೀಟಿಯಲ್ಲಿ ಒಂದು ಸಾಲು ಬರೆದಿದ್ದರೆ ಗೊಂದಲವೇ ಇರುತ್ತಿರಲಿಲ್ಲ. ಆ ಸಾಲು ಮಾತ್ರ ಹೆಚ್ಚಿನ ಚೀಟಿಗಳಲ್ಲಿ ಇರುವುದಿಲ್ಲ.

ಕಾಸರಗೋಡಿನವರಿಗೆ ಈ ಅಂಕೆಯ ಬಿಸಿ ಸ್ವಲ್ಪ ಹೆಚ್ಚೇ ತಟ್ಟುತ್ತದೆ. ಕೇರಳದ ಶಿಫಾರಸು ಪಟ್ಟಿಯಲ್ಲಿ ಸಾರಜನಕ ಗೊಬ್ಬರ ಎಷ್ಟು ಹಾಕಬೇಕೆಂದು ತೀರ್ಮಾನಿಸುವುದೇ ಸಾವಯವ ಇಂಗಾಲ, ಮಲಯಾಳದ ಚೀಟಿಯಲ್ಲಿ ‘ಜೈವ ಕಾರ್ಬಣ್’ ಎಂದು ಬರುವ ಅಂಕೆ. 0ಯಿಂದ 9ರವರೆಗೆ ಹತ್ತು ದರ್ಜೆಗಳಿವೆ. ಸೊನ್ನೆಯ ದರ್ಜೆಗೆ ಸಾಮಾನ್ಯ ಶಿಫಾರಸಿನ ಶೇ. 128, ಒಂಬತ್ತನೆಯದಕ್ಕೆ ಶೇ. 54. ಅಡಿಕೆಗೆ ಮರವೊಂದಕ್ಕೆ ವರ್ಷಕ್ಕೆ ಸಾರಜನಕ, ರಂಜಕ, ಪೊಟ್ಯಾಶ್ 100:40:140 ಗ್ರಾಂ ಎನ್ನುವುದು ಬೆಳೆಗಾರರಿಗೆಲ್ಲ ಬಾಯಿಪಾಠ. ಜೇಡಿ ಅಥವಾ ಗೋಡು ಮಣ್ಣಿನಲ್ಲಿ 1.24 ಎಂದರೆ ಐದನೆಯ ದರ್ಜೆ, 84 ಗ್ರಾಂ ಸಾರಜನಕ, ಅಂದರೆ ಸುಮಾರು 183 ಗ್ರಾಂ ಯೂರಿಯಾ. 1.61 ಎಂದರೆ ಏಳನೆಯ ದರ್ಜೆ, 71 ಗ್ರಾಂ, ಸುಮಾರು 154 ಗ್ರಾಂ ಯೂರಿಯಾ. ಐನೂರು ಮರಕ್ಕೆ ಹದಿನಾಲ್ಕು ಕಿಲೋ ವ್ಯತ್ಯಾಸ. ಅದೇ 1.24 ಕಡಲ ಕರೆಯ ಹೊಯ್ಗೆ ಮಣ್ಣಿನದ್ದಾದರೆ ಎಂಟನೆಯ ದರ್ಜೆಗೆ ಹೋಗಿ 63 ಗ್ರಾಂಗೆ ಇಳಿಯುತ್ತದೆ. ಏಕೆಂದರೆ ಮರಳಿಗೆ ಬೇರೆ ಕಾಲಂ ಇದೆ. ಅಂದರೆ ಮಣ್ಣಿನ ಜಾತಿಯನ್ನು ತಪ್ಪಾಗಿ ಬರೆದುಕೊಟ್ಟರೆ ಆಗುವ ಹಾನಿ, 1.3 ಬಿಟ್ಟುಹೋದುದಕ್ಕಿಂತ ದೊಡ್ಡದು. ಗಡಿಯಾಚೆಯ ಸಾಮಾನ್ಯ ವಿಂಗಡಣೆಯಲ್ಲಿ 0.5ಕ್ಕಿಂತ ಕೆಳಗೆ ‘ಕಡಿಮೆ’, 0.75ರವರೆಗೆ ‘ಮಧ್ಯಮ’, ಮೇಲಿನದ್ದೆಲ್ಲ ‘ಹೆಚ್ಚು’. ಸೊಪ್ಪು, ಹಟ್ಟಿಗೊಬ್ಬರ ಬೀಳುವ ನಮ್ಮ ತೋಟಗಳಲ್ಲಿ ಬಹಳಷ್ಟು ಈ ‘ಹೆಚ್ಚು’ ಗುಂಪಿನಲ್ಲೇ ಬಂದು ಕೂರುತ್ತವೆ. ಹಾಗಾಗಿ ಆ ಪದದಿಂದ ಇಲ್ಲಿ ದೊಡ್ಡ ಉಪಯೋಗವಿಲ್ಲ, ಅಂಕೆಯನ್ನೇ ನೋಡಬೇಕು.

ಮಣ್ಣು ತೆಗೆಯುವಲ್ಲೇ ಅರ್ಧ ಕೆಲಸ

ಕಂಗಿನ ಬುಡದ ಮಣ್ಣು ಬೇರೆ, ಸಾಲುಗಳ ನಡುವಿನ ಮಣ್ಣು ಬೇರೆ. ವರ್ಷಗಟ್ಟಲೆ ಸೊಪ್ಪು, ಗೊಬ್ಬರ ಬುಡಕ್ಕೇ ಬಿದ್ದಿರುವುದರಿಂದ ಇಂಗಾಲ ಅಲ್ಲಿ ಸಹಜವಾಗಿಯೇ ಹೆಚ್ಚು. ಎರಡನ್ನೂ ಕಲಸಿದರೆ ಯಾವುದಕ್ಕೂ ಸಲ್ಲದ ಸರಾಸರಿ ಸಿಗುತ್ತದೆ. ಹತ್ತು ಹದಿನೈದು ಮರಗಳ ಬುಡದಿಂದ ಒಂದೇ ಆಳಕ್ಕೆ ತೆಗೆದು, ಒಟ್ಟು ಮಾಡಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡನ್ನು ಬಿಸಾಡುತ್ತ ಅರ್ಧ ಕಿಲೋಗೆ ಇಳಿಸಬೇಕು. ಮೇಲಿನ ಒಣಸೋಗೆ, ಕೊಳೆಯದ ಎಲೆಯನ್ನು ಕೈಯಿಂದ ಸರಿಸಿದರೆ ಸಾಕು, ಹಾರೆಯಿಂದ ಕೆರೆಯಬಾರದು. ಕೆರೆದರೆ ಇಂಗಾಲ ಅತಿ ಹೆಚ್ಚಿರುವ ಪದರವೇ ಹೋಯಿತು. ಗೊಬ್ಬರ ಹಾಕಿ ಎರಡು ಮೂರು ತಿಂಗಳಾದರೂ ಕಳೆದಿರಲಿ.

ಒದ್ದೆ ಮಣ್ಣನ್ನು ತೊಟ್ಟೆಯಲ್ಲಿ ಕಟ್ಟಿ ವಾರಗಟ್ಟಲೆ ಇಡಬೇಡಿ, ಒಳಗೆ ಸೂಕ್ಷ್ಮಜೀವಿಗಳ ಕೆಲಸ ನಡೆಯುತ್ತಲೇ ಇರುತ್ತದೆ. ನೆರಳಿನಲ್ಲಿ ಕಾಗದದ ಮೇಲೆ ಹರಡಿ ಒಣಗಿಸಿ. ಯೂರಿಯಾ ಬಂದ ಗೋಣಿಯ ಮೇಲೆ ಹರಡುವುದಂತೂ ಬೇಡವೇ ಬೇಡ. ಅರ್ಧ ಕಿಲೋ ಮಣ್ಣಿಗೆ ಒಂದು ಗ್ರಾಂ ಯೂರಿಯಾ ಸೇರಿದರೂ ಶೇ. 0.09ರಷ್ಟು ಸಾರಜನಕ ಕಳ್ಳದಾರಿಯಲ್ಲಿ ಒಳಗೆ ಬಂದ ಹಾಗೆ. ಮಣ್ಣಿನದ್ದೇ ಸಾರಜನಕ 0.13ರ ಸುಮಾರಿಗೆ ಇರುವಾಗ ಇದು ಸಣ್ಣದಲ್ಲ.

ಒಣಗಿದ ಮೇಲೆ ಮರದ ಕೊಡತಿಯಿಂದ ಹೆಂಟೆ ಒಡೆದು 2 ಮಿ.ಮೀ. ಜರಡಿಯಲ್ಲಿ ಸೋಸುವುದು. ಇಲ್ಲಿ ಮುರಕಲ್ಲಿನ ಊರುಗಳಲ್ಲಿ ಬೇರೆಡೆ ಬಾರದ ಒಂದು ಸಮಸ್ಯೆ ಬರುತ್ತದೆ: ಜರಡಿಯ ಮೇಲೆ ಕೆಂಪು ಹರಳುಕಲ್ಲು ಗುಡ್ಡೆ ಬೀಳುತ್ತದೆ. ಅದನ್ನು ಕುಟ್ಟಿ ಒಳಗೆ ತಳ್ಳಬಾರದು, ತೂಕ ಮಾಡದೆ ಎಸೆಯಲೂಬಾರದು. ಪರೀಕ್ಷೆಯಾಗುವುದು ಸೋಸಿದ ಮಣ್ಣಿಗೆ ಮಾತ್ರ. ಹೆಕ್ಟೇರಿಗೆ ಎಷ್ಟು ಟನ್ ಇಂಗಾಲ ಎಂದು ಲೆಕ್ಕ ಹಾಕುವಾಗ ಕಲ್ಲಿನ ಪಾಲು ಕಳೆಯದಿದ್ದರೆ ಉತ್ತರ ಉಬ್ಬುತ್ತದೆ. ಶೇ. 1.5 ಇಂಗಾಲ, 20 ಸೆಂ.ಮೀ. ಆಳ, ಘನ ಸೆಂ.ಮೀ.ಗೆ 1.3 ಗ್ರಾಂ ಸಾಂದ್ರತೆ ಎಂದರೆ 39 ಟನ್. ಅದರಲ್ಲಿ ಶೇ. 30 ಹರಳುಕಲ್ಲು ಇದ್ದರೆ ನಿಜವಾಗಿ ಇರುವುದು 27 ಟನ್ ಚಿಲ್ಲರೆ. ಇಂಗಾಲದ ಲೆಕ್ಕ ತೋರಿಸಿ ಹಣ ಪಡೆಯುವ ಯೋಜನೆಗಳ ಮಾತು ಈಗ ಎಲ್ಲೆಡೆ ಕೇಳುತ್ತಿರುವಾಗ ಈ ಕಲ್ಲನ್ನು ಮರೆಯುವವರೇ ಹೆಚ್ಚು.

ಇಂಗಾಲ, ಸಾರಜನಕ ಎರಡಕ್ಕೂ 2 ಮಿ.ಮೀ. ಸಾಲದು. ಅರ್ಧ ಗ್ರಾಂ ತೂಗುವಾಗ ಒಂದು ಬೇರಿನ ತುಂಡು ಬಂದರೆ ಒಂದು ಉತ್ತರ, ಬಾರದಿದ್ದರೆ ಇನ್ನೊಂದು. ಬೇರು ಹೆಕ್ಕಿ ತೆಗೆದು, ಇಪ್ಪತ್ತು ಗ್ರಾಂನಷ್ಟನ್ನು ಅರೆದು ಪೂರ್ತಿಯಾಗಿ 0.5 ಮಿ.ಮೀ. ಜರಡಿ ದಾಟಿಸಬೇಕು. ಅರೆಯಲು ಪಿಂಗಾಣಿಯ ಅಥವಾ ಅಗೇಟ್ ಕಲ್ಲಿನ ಕಲ್ವ ಬಳಸಿ. ಕಬ್ಬಿಣದ ಕುಟ್ಟಾಣಿಯಿಂದ ಸವೆದು ಬೀಳುವ ಲೋಹದ ಪುಡಿ, ಇಂಗಾಲವನ್ನು ಉರಿಸಲು ಹಾಕುವ ಡೈಕ್ರೋಮೇಟನ್ನು ತಿಂದುಹಾಕಿ ಇಲ್ಲದ ಇಂಗಾಲವನ್ನು ತೋರಿಸುತ್ತದೆ.

ವಾಕ್ಲಿ-ಬ್ಲ್ಯಾಕ್: ಹತ್ತು, ಇಪ್ಪತ್ತು, ಮೂವತ್ತು

ಸಾವಯವ ಇಂಗಾಲ ಅಳೆಯುವ 1934ರ ವಿಧಾನ ಇದು, ಇಂದಿಗೂ ನಮ್ಮ ಹೆಚ್ಚಿನ ಪ್ರಯೋಗಾಲಯಗಳ ಬೆನ್ನೆಲುಬು. 500 ಮಿ.ಲೀ. ಕೋನಿಕಲ್ ಫ್ಲಾಸ್ಕಿಗೆ 1 ಗ್ರಾಂ ಮಣ್ಣು. ಬುಡದ ಕಪ್ಪು ಮಣ್ಣಾದರೆ ಅರ್ಧ ಗ್ರಾಂ. ಅದಕ್ಕೆ 1 ನಾರ್ಮಲ್ (ದ್ರಾವಣದ ಬಲದ ಅಳತೆ) ಪೊಟ್ಯಾಸಿಯಂ ಡೈಕ್ರೋಮೇಟ್ 10 ಮಿ.ಲೀ., ಪಿಪೆಟ್‌ನಲ್ಲೇ ಅಳೆದು. ಮೇಲಿಂದ ಸಾಂದ್ರ ಸಲ್ಫ್ಯೂರಿಕ್ ಆಸಿಡ್ 20 ಮಿ.ಲೀ. ಒಂದು ನಿಮಿಷ ಮೆಲ್ಲನೆ ತಿರುಗಿಸಿ, ಮೂವತ್ತು ನಿಮಿಷ ಮುಟ್ಟದೆ ಬಿಡುವುದು. ಆಮೇಲೆ 200 ಮಿ.ಲೀ. ನೀರು, 10 ಮಿ.ಲೀ. ಫಾಸ್ಫಾರಿಕ್ ಆಸಿಡ್, 1 ಮಿ.ಲೀ. ಡೈಫಿನೈಲಮೀನ್ ಇಂಡಿಕೇಟರ್ ಹಾಕಿ, ಅರ್ಧ ನಾರ್ಮಲ್ ಫೆರಸ್ ಅಮೋನಿಯಂ ಸಲ್ಫೇಟಿನಿಂದ ಟೈಟ್ರೇಟ್ ಮಾಡುವುದು. ಡೈಕ್ರೋಮೇಟ್ ದ್ರಾವಣ ಲೀಟರಿಗೆ 49.04 ಗ್ರಾಂ, 105 ಡಿಗ್ರಿಯಲ್ಲಿ ಒಣಗಿಸಿದ ಉಪ್ಪಿನಿಂದ. ಫೆರಸ್ ಉಪ್ಪು ಲೀಟರಿಗೆ 196.1 ಗ್ರಾಂ, 20 ಮಿ.ಲೀ. ಸಲ್ಫ್ಯೂರಿಕ್ ಆಸಿಡ್ ಸೇರಿಸಿ.

ಕಣ್ಣಿಟ್ಟು ನೋಡಬೇಕಾದದ್ದು ಬಣ್ಣವನ್ನು. ಮೊದಲು ಕೊಳಕು ಕಂದು, ಹನಿ ಬಿದ್ದಂತೆ ನೇರಳೆ ಕಲೆತ ನೀಲಿ. ನೀಲಿ ಮಸುಕಾಗುತ್ತ ಬಂದಾಗ ಬ್ಯುರೆಟ್‌ನ ಕೀಲಿ ಬಿಗಿ ಮಾಡಿ ಹನಿ ಹನಿಯಾಗಿ ಬಿಡಬೇಕು. ಒಂದೇ ಹನಿಗೆ ಫಕ್ಕನೆ ಹೊಳೆಯುವ ಹಸಿರು. ಕೆಂಪು ಮಣ್ಣಿನಲ್ಲಿ ತಳದ ಕೆಸರಿನ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ಅಡಿಯಲ್ಲಿ ಬಿಳಿ ಟೈಲ್ ಇಟ್ಟು, ತಿರುಗಿಸುವುದನ್ನು ಕ್ಷಣ ನಿಲ್ಲಿಸಿ, ಮೇಲಿನ ತಿಳಿಯನ್ನು ನೋಡಿ. ಫಾಸ್ಫಾರಿಕ್ ಆಸಿಡ್ ಬಿಟ್ಟುಹೋದರೆ ಫೆರಿಕ್ ಕಬ್ಬಿಣ ಕಟ್ಟಿಹಾಕಲ್ಪಡದೆ ಬಣ್ಣ ಎಳೆದಾಡುತ್ತದೆ, ಹಸಿರು ಯಾವಾಗ ಬಂತೆಂದೇ ತಿಳಿಯುವುದಿಲ್ಲ. ಹಸಿರು ದಾಟಿಹೋಯಿತೆ? ಚೆಲ್ಲಬೇಕಿಲ್ಲ. ಡೈಕ್ರೋಮೇಟ್ 0.5 ಮಿ.ಲೀ. ಸೇರಿಸಿ ಮತ್ತೆ ಹನಿ ಬಿಡಿ. ಲೆಕ್ಕದಲ್ಲಿ ಮಾತ್ರ 10ರ ಬದಲು 10.5 ಎಂದು ಮರೆಯದೆ ಬರೆಯಿರಿ.

ಮಣ್ಣಿಲ್ಲದ ಬ್ಲ್ಯಾಂಕ್ ದಿನಕ್ಕೆರಡಾದರೂ ಬೇಕು. ಸರಿಯಾದ ದ್ರಾವಣಕ್ಕೆ ಅದು 20 ಮಿ.ಲೀ. ಆಗಬೇಕು. ಫೆರಸ್ ಉಪ್ಪು ಗಾಳಿಗೆ ದಿನದಿನವೂ ಕೆಡುವುದರಿಂದ 20.4, 20.6 ಎಂದು ಏರುತ್ತ ಹೋಗುತ್ತದೆ. ನಿನ್ನೆಯ ಬ್ಲ್ಯಾಂಕ್ ಇಂದಿಗೆ ಆಗದು. ಬ್ಲ್ಯಾಂಕ್ 20.4, ಅರ್ಧ ಗ್ರಾಂ ಮಣ್ಣಿಗೆ 16.2 ಬಂತೆನ್ನಿ. ವ್ಯತ್ಯಾಸ 4.2ನ್ನು 10ರಿಂದ ಗುಣಿಸಿ 20.4ರಿಂದ ಭಾಗಿಸಿದರೆ 2.059. ಅದನ್ನು 0.003ರಿಂದಲೂ 100ರಿಂದಲೂ ಗುಣಿಸಿ ಮಣ್ಣಿನ ತೂಕ 0.5ರಿಂದ ಭಾಗಿಸಿದರೆ 1.24. ಇದು ಸುಲಭವಾಗಿ ಉರಿದ ಇಂಗಾಲ ಮಾತ್ರ. ಒಟ್ಟು ಇಂಗಾಲದ ಸರಾಸರಿ ಶೇ. 77 ಮಾತ್ರ ಈ ಕ್ರಮದಲ್ಲಿ ಉರಿಯುತ್ತದೆ ಎಂಬ ಹಳೆಯ ಲೆಕ್ಕದಿಂದ 1.3 ಬಂದದ್ದು. 77 ಎಂಬುದು ಸರಾಸರಿಯೇ ಹೊರತು ನಿಮ್ಮ ತೋಟದ ಮಣ್ಣಿನ ಗುಣವಲ್ಲ. ಇದರ ಮೇಲೆ 1.724ರಿಂದ ಗುಣಿಸಿ ‘ಸಾವಯವ ವಸ್ತು’ ಎಂದು ಬರೆಯುವವರೂ ಇದ್ದಾರೆ. ಇಂಗಾಲವೋ ಸಾವಯವ ವಸ್ತುವೋ ಎಂದು ನೋಡದೆ ಎರಡು ಚೀಟಿಗಳನ್ನು ಹೋಲಿಸಬೇಡಿ.

ಮಣ್ಣಿನ ಟೈಟ್ರೇಶನ್ 4 ಮಿ.ಲೀ.ಗಿಂತ ಕೆಳಗೆ ಇಳಿದರೆ ಡೈಕ್ರೋಮೇಟಿನ ನೂರರಲ್ಲಿ ಎಂಬತ್ತು ಪಾಲು ಮುಗಿದಿದೆ ಎಂದರ್ಥ, ಉತ್ತರವನ್ನು ನಂಬಬೇಡಿ. ಆಸಿಡ್ ಹಾಕಿದ ಕೂಡಲೇ ಕಿತ್ತಳೆ ಹೋಗಿ ಹಸಿರಾದರೆ ಅಲ್ಲೇ ನಿಲ್ಲಿಸಿ, ಕಡಿಮೆ ಮಣ್ಣು ತೂಗಿ ಮತ್ತೆ ಶುರು ಮಾಡಿ.

ಆಟಿ ತಿಂಗಳ ಆಸಿಡ್

ಈ ವಿಧಾನಕ್ಕೆ ಹೊರಗಿನ ಬೆಂಕಿಯಿಲ್ಲ. ಆಸಿಡ್ ನೀರಿಗೆ ಬಿದ್ದಾಗ ಹುಟ್ಟುವ ಶಾಖವೇ ಒಲೆ, ಅದು 120 ಡಿಗ್ರಿಯ ಹತ್ತಿರ ಮುಟ್ಟುತ್ತದೆ. ಆ ಶಾಖ ಕಡಿಮೆಯಾದರೆ ಇಂಗಾಲ ಉರಿಯುವುದೂ ಕಡಿಮೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಉಪ್ಪಿನ ಭರಣಿಯೇ ನೀರೊಡೆಯುವಾಗ, ಮುಚ್ಚಳ ಸಡಿಲವಿಟ್ಟ ಸಲ್ಫ್ಯೂರಿಕ್ ಆಸಿಡ್ ಸುಮ್ಮನಿರುತ್ತದೆಯೆ? ಗಾಳಿಯ ತೇವ ಹೀರಿ ತೆಳ್ಳಗಾಗುತ್ತದೆ, ಶೇ. 96ರ ಬಲ ಇಳಿಯುತ್ತದೆ, ಶಾಖ ತಗ್ಗುತ್ತದೆ. ಏಪ್ರಿಲ್‌ನಲ್ಲಿ 1.24 ತೋರಿಸಿದ ಮಣ್ಣು ಜುಲೈಯಲ್ಲಿ ಕಡಿಮೆ ತೋರಿಸಿದರೆ ಮೊದಲು ಅನುಮಾನಿಸಬೇಕಾದದ್ದು ಮಣ್ಣನ್ನಲ್ಲ, ಬಾಟಲಿಯನ್ನು. ಬ್ಲ್ಯಾಂಕ್ ಇದನ್ನು ಹಿಡಿದುಕೊಡುವುದಿಲ್ಲ, ಅದರಲ್ಲಿ ಉರಿಯಲು ಇಂಗಾಲವೇ ಇಲ್ಲವಲ್ಲ. ಅದಕ್ಕೇ ಅಂಕೆ ಗೊತ್ತಿರುವ ಒಂದು ಮಣ್ಣನ್ನು ಡಬ್ಬಿಯಲ್ಲಿಟ್ಟು ಪ್ರತಿ ಸಾಲಿನ ಜೊತೆ ಅದನ್ನೂ ಓಡಿಸುವುದು ಕಡ್ಡಾಯ. ಉಳಿದೆಲ್ಲ ಎಚ್ಚರಿಕೆಗಿಂತ ಆ ಡಬ್ಬಿ ಹೆಚ್ಚು ಬೆಲೆಬಾಳುತ್ತದೆ.

ಆಸಿಡನ್ನು ಹೆದರಿ ಹೆದರಿ ಸಣ್ಣ ಧಾರೆಯಲ್ಲಿ ಬಿಟ್ಟರೂ ಶಾಖ ಏರುವುದಿಲ್ಲ. ಡಿಸ್ಪೆನ್ಸರ್‌ನಿಂದ ಒಮ್ಮೆಲೇ, ದ್ರಾವಣದ ನಡುವಿಗೆ, ಫ್ಯೂಮ್ ಹುಡ್‌ನ ಒಳಗೆ. ಅರ್ಧ ಗಂಟೆ ಇಡುವುದು ಮರದ ಹಲಗೆಯ ಮೇಲೆ. ತಣ್ಣನೆಯ ಗ್ರಾನೈಟ್ ಕಟ್ಟೆ ಶಾಖವನ್ನು ಹೀರಿಬಿಡುತ್ತದೆ. ಒಣಗಿಸಿಟ್ಟ ಮಣ್ಣೂ ಮಳೆಗಾಲದಲ್ಲಿ ಮತ್ತೆ ತೇವ ಎಳೆದುಕೊಳ್ಳುತ್ತದೆ. ಅದೇ ದಿನ ಬೇರೆ ಸ್ವಲ್ಪ ಮಣ್ಣನ್ನು 105 ಡಿಗ್ರಿಯಲ್ಲಿ ಒಣಗಿಸಿ ತೇವದ ಪಾಲು ತಿಳಿದು, ಉತ್ತರವನ್ನು ಒಣ ತೂಕಕ್ಕೆ ತಿದ್ದಬೇಕು.

ಗದ್ದೆ, ಹಿನ್ನೀರಿನ ಮಗ್ಗುಲಿನ ಮಣ್ಣಿಗೆ ಇನ್ನೊಂದು ತೊಡಕು. ಉಪ್ಪುನೀರಿನ ಕ್ಲೋರೈಡ್ ಡೈಕ್ರೋಮೇಟನ್ನು ಬಳಸಿ ಇಂಗಾಲವನ್ನು ಹೆಚ್ಚಿಸಿ ತೋರಿಸುತ್ತದೆ. ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಲೀಟರಿಗೆ 15 ಗ್ರಾಂ ಸಿಲ್ವರ್ ಸಲ್ಫೇಟ್ ಕರಗಿಸಿಟ್ಟರೆ ಕ್ಲೋರೈಡ್ ತಳ ಸೇರುತ್ತದೆ. ನೀರು ನಿಂತ ಗದ್ದೆಯ ಫೆರಸ್ ಕಬ್ಬಿಣವೂ ಹೀಗೆಯೇ ಹೆಚ್ಚು ತೋರಿಸುತ್ತದೆ. ಚೆನ್ನಾಗಿ ಗಾಳಿಗೆ ಒಣಗಿಸಿದರೆ ಅದು ಬಹುಪಾಲು ಫೆರಿಕ್ ಆಗಿ ಕಾಟ ತಪ್ಪುತ್ತದೆ. ಮ್ಯಾಂಗನೀಸ್ ಡೈಆಕ್ಸೈಡ್ ಮಾತ್ರ ತಾನೇ ಇಂಗಾಲವನ್ನು ಉರಿಸಿ, ಅಂಕೆಯನ್ನು ಕೆಳಗೆ ಎಳೆಯುತ್ತದೆ.

ಸುಡುಮಣ್ಣಿನ ಒಗಟು

ತುಳುನಾಡಿನ ತೋಟಗಳಿಗೆ, ತರಕಾರಿ ಸಾಲುಗಳಿಗೆ ಸುಡುಮಣ್ಣು ಹಾಕುವುದು ಹಳೆಯ ಪದ್ಧತಿ. ತರಗೆಲೆ, ಸೊಪ್ಪು, ಮಣ್ಣು ಒಟ್ಟಿ ಹೊಗೆಯಾಡಿಸಿ ಸುಟ್ಟದ್ದು. ಅದರಲ್ಲಿ ಇದ್ದಿಲಿನ ಚೂರು ಬೇಕಾದಷ್ಟು. ಇದ್ದಿಲು ಇಂಗಾಲವೇ ಆದರೂ ಡೈಕ್ರೋಮೇಟಿಗೆ ಸುಲಭದಲ್ಲಿ ಬಗ್ಗುವುದಿಲ್ಲ. ಹಾಗಾಗಿ ಕಣ್ಣಿಗೆ ಕರ್ರಗೆ ಕಾಣುವ ಮಣ್ಣು ವಾಕ್ಲಿ-ಬ್ಲ್ಯಾಕ್‌ನಲ್ಲಿ ಸಾಧಾರಣ ಅಂಕೆ ತೋರಿಸಬಹುದು. ಅದನ್ನೇ ಮಣ್ಣನ್ನು ಆಮ್ಲಜನಕದಲ್ಲಿ ಉರಿಸಿ ಅಳೆಯುವ ದಹನ ಯಂತ್ರಕ್ಕೆ ಹಾಕಿದರೆ ಇದ್ದಿಲೂ ಉರಿದು ಅಂಕೆ ಮೇಲೇರುತ್ತದೆ. ಇಂಥ ಮಣ್ಣಿಗೆ 1.3 ಎಂಬ ಗುಣಕ ನಿಲ್ಲುವುದಿಲ್ಲ. ಗೊಬ್ಬರದ ತೀರ್ಮಾನಕ್ಕೆ ನಾನು ವಾಕ್ಲಿ-ಬ್ಲ್ಯಾಕ್‌ನ ಅಂಕೆಯನ್ನೇ ಇಟ್ಟುಕೊಳ್ಳುವೆ. ಇದ್ದಿಲು ಬೇಗ ಕೊಳೆತು ಸಾರಜನಕ ಬಿಡುವ ವಸ್ತುವಲ್ಲ, ಸುಡುವಾಗ ಸಾರಜನಕದ ಬಹುಪಾಲು ಹೊಗೆಯ ಜೊತೆಗೇ ಹೋಗಿರುತ್ತದೆ.

ಒಟ್ಟು ಸಾರಜನಕ

ಯೋಹಾನ್ ಕೆಲ್ಡಾಲ್ 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿ ಧಾನ್ಯದ ಪ್ರೋಟೀನ್ ಅಳೆಯಲು ಕಂಡುಕೊಂಡ ದಾರಿಯ ಇಂದಿನ ರೂಪ ಇದು. ಆಸಿಡ್‌ನಲ್ಲಿ ಬೇಯಿಸಿ ಸಾರಜನಕವನ್ನು ಅಮೋನಿಯಂ ಮಾಡುವುದು, ಕ್ಷಾರ ಹಾಕಿ ಅಮೋನಿಯಾ ಆಗಿ ಹಬೆಯಲ್ಲಿ ಹೊರತರುವುದು, ಬೋರಿಕ್ ಆಸಿಡ್‌ನಲ್ಲಿ ಹಿಡಿದು ಅಳೆಯುವುದು.

ಡೈಜೆಶನ್ ಟ್ಯೂಬಿಗೆ 1 ಗ್ರಾಂ ಮಣ್ಣು, 2 ಮಿ.ಲೀ. ನೀರು ಹಾಕಿ ಅರ್ಧ ಗಂಟೆ ನೆನೆಯಲು ಬಿಡಿ. ಜೇಡಿಯ ಕಣಗಳು ಬಿಚ್ಚಿಕೊಳ್ಳದಿದ್ದರೆ ಒಳಗಿನ ಸಾರಜನಕ ಪೂರ್ತಿ ಹೊರಬಾರದು. ಬಳಿಕ ಪೊಟ್ಯಾಸಿಯಂ ಸಲ್ಫೇಟ್, ತಾಮ್ರದ ಸಲ್ಫೇಟ್, ಸೆಲೆನಿಯಂ 100:10:1ರ ಮಿಶ್ರಣ 3.5 ಗ್ರಾಂ, ಸಲ್ಫ್ಯೂರಿಕ್ ಆಸಿಡ್ 10 ಮಿ.ಲೀ. ಮೊದಲು ಸಣ್ಣ ಉರಿ, ನೊರೆ ನಿಂತ ಮೇಲೆ 380 ಡಿಗ್ರಿ. ಪೊಟ್ಯಾಸಿಯಂ ಸಲ್ಫೇಟ್ ಇರುವುದು ಆಸಿಡ್ ಕುದಿಯುವ ಬಿಂದುವನ್ನು ಏರಿಸಲು. ದ್ರಾವಣ ತಿಳಿಯಾಯಿತೆಂದು ಕೂಡಲೇ ಇಳಿಸುವುದೇ ಎಲ್ಲರೂ ಮಾಡುವ ತಪ್ಪು. ಕಪ್ಪು ಹೋಗಿ ಹಸಿರು ಛಾಯೆ ಬಂದ ಮೇಲೂ ಒಂದು ಗಂಟೆಯಾದರೂ ಬೇಯಬೇಕು, ಹಠಮಾರಿ ಸಾರಜನಕ ಆಗಲೇ ಬಿಡುವುದು. ಹಾಗೆಂದು 400 ಡಿಗ್ರಿ ದಾಟಿಸಬಾರದು. ಆಸಿಡ್ ಆವಿಯಾಗಿ ಉಪ್ಪು ದಪ್ಪಗಾದಂತೆ ತಾಪ ತಾನೇ ಏರಿ ಸಾರಜನಕ ಹಾರಿಹೋಗುತ್ತದೆ. ತಣಿದಾಗ ಟ್ಯೂಬಿನಲ್ಲಿ ಕಲ್ಲಿನಂತೆ ಗಟ್ಟಿ ಕಟ್ಟಿದರೆ ಆಸಿಡ್ ಸಾಲಲಿಲ್ಲ ಎಂದೇ ತಿಳಿಯಿರಿ.

ಪೂರ್ತಿ ತಣಿದ ಮೇಲೆ 50 ಮಿ.ಲೀ. ನೀರು ಮೆಲ್ಲನೆ. ಶೇ. 40ರ ಕಾಸ್ಟಿಕ್ ಸೋಡಾ 50 ಮಿ.ಲೀ. ಬಿದ್ದಾಗ ದ್ರಾವಣ ಕಡು ಕಂದು ಅಥವಾ ಕಪ್ಪಾಗಲೇಬೇಕು. ಆಗದಿದ್ದರೆ ಕ್ಷಾರ ಸಾಲದು, ಅಮೋನಿಯಾ ಒಳಗೇ ಉಳಿಯುತ್ತದೆ. ಕಂಡೆನ್ಸರ್‌ನ ತುದಿ ಶೇ. 4ರ ಬೋರಿಕ್ ಆಸಿಡ್‌ನಲ್ಲಿ ಮುಳುಗಿರಲಿ. ಇಂಡಿಕೇಟರ್‌ನ ಕೆಂಪು ಹಸಿರಾಗುತ್ತದೆ. ನೂರು ಮಿ.ಲೀ.ಗಿಂತ ಹೆಚ್ಚು ಇಳಿದ ಮೇಲೆ ಫ್ಲಾಸ್ಕ್ ತಗ್ಗಿಸಿ ತುದಿ ತೊಳೆದು, 0.02 ನಾರ್ಮಲ್ ಸಲ್ಫ್ಯೂರಿಕ್ ಆಸಿಡ್‌ನಿಂದ ಮತ್ತೆ ಕೆಂಪು ಬರುವವರೆಗೆ ಟೈಟ್ರೇಶನ್. ಮಣ್ಣಿಗೆ 5.0, ಬ್ಲ್ಯಾಂಕಿಗೆ 0.4 ಬಂದರೆ ವ್ಯತ್ಯಾಸ 4.6. ಅದನ್ನು 0.02ರಿಂದಲೂ 1.4ರಿಂದಲೂ ಗುಣಿಸಿದರೆ ಶೇ. 0.129.

ಸರಿಯಿದೆಯೇ ಎಂದು ಎರಡು ಕಡೆ ಪರೀಕ್ಷಿಸಬೇಕು. ಅಮೋನಿಯಂ ಸಲ್ಫೇಟ್, ಸಾರಜನಕ ಶೇ. 21.2, ನೇರವಾಗಿ ಬಟ್ಟಿ ಇಳಿಸಿದರೆ ಯಂತ್ರ ಸೋರುತ್ತಿದೆಯೇ ಎಂದು ತಿಳಿಯುತ್ತದೆ. ಗ್ಲೈಸಿನ್, ಶೇ. 18.66, ಬೇಯಿಸುವುದರಿಂದ ಹಿಡಿದು ಓಡಿಸಿದರೆ ಬೇಯುವಿಕೆಯೂ ಗೊತ್ತಾಗುತ್ತದೆ. ಮೊದಲನೆಯದು ಸರಿ, ಎರಡನೆಯದು ಕಡಿಮೆ ಎಂದಾದರೆ ದೋಷ ಟ್ಯೂಬುಗಳನ್ನು ಬೇಯಿಸುವ ಬ್ಲಾಕ್‌ನಲ್ಲಿದೆ. ಬ್ಲ್ಯಾಂಕ್ ದಿಢೀರನೆ ಏರಿದರೆ ಕೋಣೆಯಲ್ಲಿ ಅಮೋನಿಯಾ ಬಾಟಲಿ ತೆರೆದಿದೆಯೇ ನೋಡಿ. ಈ ಕ್ರಮದಲ್ಲಿ ನೈಟ್ರೇಟ್ ಪೂರ್ತಿ ಸಿಗುವುದಿಲ್ಲ. ಬೇಕೆಂದಾದರೆ ಸ್ಯಾಲಿಸಿಲಿಕ್ ಆಸಿಡ್, ಥಯೋಸಲ್ಫೇಟ್ ಸೇರಿಸುವ ಬದಲಿ ಕ್ರಮ ಹಿಡಿಯಬೇಕು.

ಚೀಟಿಯಲ್ಲಿ ‘ಲಭ್ಯ ಸಾರಜನಕ’ ಹೆಕ್ಟೇರಿಗೆ ಇಷ್ಟು ಕಿಲೋ ಎಂದಿದ್ದರೆ ಅದು ಬೇರೆಯೇ ಸಂಗತಿ: 1956ರ ಸುಬ್ಬಯ್ಯ-ಅಸಿಜಾ ವಿಧಾನ, ಕ್ಷಾರದ ಪರ್ಮ್ಯಾಂಗನೇಟಿಗೆ ಬಿಟ್ಟುಕೊಡುವ ಪಾಲು ಮಾತ್ರ.

ದಹನ ಯಂತ್ರಗಳಲ್ಲಿ ತವರದ ಹಾಳೆಯಲ್ಲಿ ಸುತ್ತಿದ ಮಣ್ಣು ಆಮ್ಲಜನಕದಲ್ಲಿ 900 ಡಿಗ್ರಿಗೂ ಮೇಲೆ ಉರಿದು ಇಂಗಾಲ, ಸಾರಜನಕ ಎರಡೂ ಕೆಲವೇ ನಿಮಿಷದಲ್ಲಿ ಬರುತ್ತವೆ. ಆದರೆ ಸುಣ್ಣದ ಇಂಗಾಲವೂ ಒಟ್ಟಿಗೇ ಬರುತ್ತದೆ. ನಮ್ಮ ಹುಳಿ ಮಣ್ಣಿನಲ್ಲಿ ಅದು ಇಲ್ಲವೆಂದೇ ಹೇಳಬಹುದು. ಆದರೂ ಇತ್ತೀಚೆಗೆ ಡೋಲೋಮೈಟ್ ಹಾಕಿದ ತೋಟ, ಚಿಪ್ಪು ಕಲೆತ ಕಡಲ ಕರೆ ಎಂದಾದರೆ ಎಚ್ಚರ. ಮಣ್ಣಿನಲ್ಲಿ ಶೇ. 1 ಸುಣ್ಣಕಲ್ಲು ಉಳಿದಿದ್ದರೆ 0.12 ಇಂಗಾಲ ಸುಮ್ಮನೆ ಸೇರುತ್ತದೆ. ಹೈಡ್ರೋಕ್ಲೋರಿಕ್ ಆಸಿಡ್ ಹನಿಸಿ ನೊರೆ ಬರುತ್ತದೆಯೇ ನೋಡುವುದು ವಾಡಿಕೆ, ಡೋಲೋಮೈಟ್ ಮಾತ್ರ ತಣ್ಣನೆಯ ಆಸಿಡ್‌ಗೆ ಸರಿಯಾಗಿ ನೊರೆಯುವುದಿಲ್ಲ.

ಕೊನೆಗೆ ಎರಡು ಅಂಕೆಗಳನ್ನು ಪಕ್ಕ ಪಕ್ಕ ಇಡಿ. 1.61ನ್ನು 0.129ರಿಂದ ಭಾಗಿಸಿದರೆ 12.5. ಕೃಷಿ ಮಣ್ಣಿನಲ್ಲಿ ಈ ಅನುಪಾತ ಸಾಮಾನ್ಯವಾಗಿ 10ರಿಂದ 14ರೊಳಗೆ. 6 ಬಂದರೆ ಬಾಟಲಿಯ ಆಸಿಡ್ ಅಥವಾ ಯೂರಿಯಾ ಗೋಣಿ, 25 ಬಂದರೆ ಬೇರಿನ ಚೂರು, ಇದ್ದಿಲು, ಇಲ್ಲವೇ ಅರೆಬೆಂದ ಡೈಜೆಶನ್. 1.24ರಿಂದ ಲೆಕ್ಕ ಹಾಕಿದರೆ 9.6 ಬರುತ್ತದೆ. ಹಾಗಾಗಿ ಅನುಪಾತಕ್ಕೆ ಯಾವ ಇಂಗಾಲ ತೆಗೆದುಕೊಂಡಿರೆಂದು ಅಲ್ಲೂ ಬರೆಯಿರಿ.

ಇನ್ನು ಉಳಿದ ನೀರಿನ ಮಾತು. ಹಸಿರು ಬಂದ ಫ್ಲಾಸ್ಕಿನಲ್ಲಿ ವಿಷದ ಆರು ವೇಲೆನ್ಸಿಯ ಕ್ರೋಮಿಯಂ ಉಳಿದಿರುವುದಿಲ್ಲ, ಎಲ್ಲ ಮೂರಕ್ಕೆ ಇಳಿದಿರುತ್ತದೆ. ಅಪಾಯ ಇರುವುದು ಮಿಕ್ಕ ಕಿತ್ತಳೆ ದ್ರಾವಣದಲ್ಲಿ, ಪಿಪೆಟ್ ತೊಳೆದ ನೀರಿನಲ್ಲಿ. ಅದನ್ನೂ ಆಸಿಡ್ ಸೇರಿಸಿ ಫೆರಸ್ ಉಪ್ಪಿನಿಂದ ಹಸಿರಿಗೆ ತಂದು, ಎಲ್ಲವನ್ನೂ ಒಂದೇ ಡ್ರಮ್ಮಿಗೆ ಹಾಕಿ, ಸುಣ್ಣದಿಂದ ಪಿಎಚ್ 8ರ ಸುಮಾರಿಗೆ ಏರಿಸಿದರೆ ಕ್ರೋಮಿಯಂ ತಳ ಕಟ್ಟುತ್ತದೆ. ತಳದ ಕೆಸರನ್ನು ಅಪಾಯಕಾರಿ ತ್ಯಾಜ್ಯ ಒಯ್ಯುವವರಿಗೇ ಕೊಡಬೇಕು. ಮುರಕಲ್ಲು ನೀರನ್ನು ತಡೆಯುವ ಕಲ್ಲಲ್ಲ. ಬಾಯಾರು, ಪೈವಳಿಕೆ ಕಡೆ ಗುಡ್ಡೆಯೊಳಗೆ ಕೊರೆದ ಸುರಂಗದಿಂದ ಕುಡಿಯುವ ನೀರು ತರುವ ಮನೆಗಳು ಇನ್ನೂ ಇವೆ. ಸಿಂಕಿಗೆ ಚೆಲ್ಲಿದ್ದು ಆ ಗುಡ್ಡೆಯೊಳಗೇ ಇಳಿಯುವುದು.